ನೌಕಾಪಡೆಯ ಉದ್ಯೋಗ: ಸೇರುವ ಮುನ್ನ ತೂಗಿ ನೋಡಬೇಕಾದದ್ದು

ಕಾರವಾರದ ಅರಗಾದಲ್ಲಿ 2005ರಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿದ ಮೇಲೆ ಉತ್ತರ ಕನ್ನಡದ ಹುಡುಗರಿಗೆ ನೌಕಾಪಡೆ ದೂರದ ಮಾತಾಗಿ ಉಳಿದಿಲ್ಲ. ನನ್ನ ತಮ್ಮ ಹದಿನೈದು ವರ್ಷ ನಾವಿಕನಾಗಿ ದುಡಿದು ನಿವೃತ್ತನಾದವನು. ಹಾಗಾಗಿ ಪಿಯುಸಿ ಮುಗಿಸಿದ ಮಕ್ಕಳ ತಂದೆತಾಯಿಯರು ಈ ಉದ್ಯೋಗದ ಒಳಿತು ಕೆಡುಕುಗಳ ಬಗ್ಗೆ ನನ್ನನ್ನು ಕೇಳುತ್ತಿರುತ್ತಾರೆ. ಇವರಲ್ಲಿ ಕೆಲವರು ಮರ್ಚೆಂಟ್ ನೇವಿಯನ್ನೂ ನೌಕಾಪಡೆಯನ್ನೂ ಒಂದೇ ಎಂದು ತಿಳಿದಿರುತ್ತಾರೆ. ಮರ್ಚೆಂಟ್ ನೇವಿಯದು ಸರಕು ಹಡಗುಗಳಲ್ಲಿ ಗುತ್ತಿಗೆಯ ಮೇಲೆ ಮಾಡುವ ಕೆಲಸ, ನೌಕಾಪಡೆಯದು ರಕ್ಷಣಾ ಸೇವೆ. ಹಾಗಾಗಿ ಎರಡರ ಸಂಬಳವನ್ನು ಹೋಲಿಸದಿರುವುದು ಒಳ್ಳೆಯದು.

ತಮ್ಮನ ಬದುಕಿಗೆ ನೌಕಾಪಡೆ ಕೊಟ್ಟದ್ದು ಸಣ್ಣದಲ್ಲ. ಒಡಿಶಾದ ಐಎನ್‌ಎಸ್ ಚಿಲ್ಕಾದಲ್ಲಿ ತರಬೇತಿಗೆ ಸೇರಿದಾಗ ಅವನಿಗೆ ಹಿಂದಿ ಕೂಡ ಸರಿಯಾಗಿ ಬರುತ್ತಿರಲಿಲ್ಲ. ಕೆಲವು ವರ್ಷಗಳಲ್ಲಿ ಹಡಗಿನ ಇಂಜಿನ್ ಬಿಚ್ಚಿ ಜೋಡಿಸುವಷ್ಟು ಕೈ ಪಳಗಿತು. ಮನೆಮಂದಿಗೆ ವೈದ್ಯಕೀಯ ಸೌಲಭ್ಯ, ವಸತಿ, ಕ್ಯಾಂಟೀನ್ ಎಲ್ಲವೂ ದೊರೆತವು. ಇವೆಲ್ಲಕ್ಕಿಂತ ದೊಡ್ಡದು ಕೆಲಸಕ್ಕಿರುವ ಅರ್ಥವೆಂದು ನಾನು ನಂಬಿದ್ದೇನೆ. 2015ರಲ್ಲಿ ಯೆಮೆನ್ ಯುದ್ಧದಲ್ಲಿ ಸಿಲುಕಿದ್ದ ಭಾರತೀಯರನ್ನು ಐಎನ್‌ಎಸ್ ಸುಮಿತ್ರಾ ಏಡನ್ ಬಂದರಿನಿಂದ ಹೊರತಂದದ್ದು, 2020ರ ಮೇ ತಿಂಗಳಲ್ಲಿ ಐಎನ್‌ಎಸ್ ಜಲಾಶ್ವ ಮಾಲ್ಡೀವ್ಸ್‌ನಿಂದ 698 ಜನರನ್ನು ಕೊಚ್ಚಿಗೆ ಕರೆತಂದದ್ದು ಇಂತಹ ಸಾಮಾನ್ಯ ನಾವಿಕರ ದುಡಿಮೆಯಿಂದಲೇ.

ಆ ದುಡಿಮೆ ಹೇಗಿರುತ್ತದೆಂಬುದು ದಡದಲ್ಲಿರುವವರಿಗೆ ತಿಳಿಯುವುದು ಕಷ್ಟ. ಹಡಗು ಸೇಲಿಂಗ್‌ಗೆ ಹೊರಟ ಮೇಲೆ ನಡುರಾತ್ರಿ ಹನ್ನೆರಡರಿಂದ ಬೆಳಗಿನ ನಾಲ್ಕರವರೆಗಿನ ವಾಚ್, ಅಂದರೆ ಕಾವಲು ಪಾಳಿ, ಬಂದರೆ, ಇಂಜಿನ್ ರೂಮಿನ ಸೆಕೆಯಲ್ಲಿ, ಎಣ್ಣೆಯ ವಾಸನೆಯ ನಡುವೆ, ಕಿವಿಗೆ ರಕ್ಷಣೆ ಹಾಕಿಕೊಂಡು, ಒತ್ತಡ ಮತ್ತು ಉಷ್ಣಾಂಶದ ಮೀಟರುಗಳನ್ನು ನೋಡಿ ದಾಖಲಿಸುತ್ತ ನಿಲ್ಲಬೇಕು. ಮಲಗಲು ಒಂದರ ಮೇಲೊಂದು ಇರುವ ಬಂಕ್‌ಗಳಲ್ಲಿ ಒಂದು, ಸಾಮಾನಿಗೆ ಒಂದು ಲಾಕರ್; ಹಡಗಿನಲ್ಲಿ ಅವನದೆಂದು ಇರುವ ಜಾಗ ಅಷ್ಟೇ. ಜಲಾಂತರ್ಗಾಮಿಯಲ್ಲಿ ಸೂರ್ಯನ ಬೆಳಕೂ ಇಲ್ಲ. 2013ರ ಆಗಸ್ಟ್‌ನಲ್ಲಿ ಮುಂಬೈನ ಬಂದರಿನಲ್ಲೇ ಐಎನ್‌ಎಸ್ ಸಿಂಧುರಕ್ಷಕ್ ಜಲಾಂತರ್ಗಾಮಿ ಸ್ಫೋಟಗೊಂಡು 18 ಮಂದಿ ಸತ್ತಾಗ, ಶಾಂತಿಕಾಲದಲ್ಲೂ ಈ ಕೆಲಸದಲ್ಲಿ ಜೀವಭಯವಿದೆ ಎಂಬುದು ನಮ್ಮ ಮನೆಗೂ ಮನದಟ್ಟಾಯಿತು.

ಆದರೂ ನನ್ನ ದೃಷ್ಟಿಯಲ್ಲಿ ಅತಿ ಭಾರವಾದದ್ದು ಅಗಲಿಕೆ. ಅಮ್ಮನ ಕಣ್ಣಿನ ಶಸ್ತ್ರಚಿಕಿತ್ಸೆ, ಜಮೀನಿನ ಪಹಣಿ ತಿದ್ದುಪಡಿ, ಮಗಳ ಶಾಲಾ ಪ್ರವೇಶ, ಎಲ್ಲವನ್ನೂ ನಿಭಾಯಿಸಿದವಳು ತಮ್ಮನ ಹೆಂಡತಿ. ವಿಶಾಖಪಟ್ಟಣದಿಂದ ಮುಂಬೈಗೆ ವರ್ಗವಾದಾಗ ಮಕ್ಕಳಿಗೆ ಕೇಂದ್ರೀಯ ವಿದ್ಯಾಲಯದಲ್ಲಿ ಅದೇ ಪಠ್ಯಕ್ರಮ ಸಿಕ್ಕಿತು, ನಿಜ. ಆದರೆ ಅವರು ಕನ್ನಡವನ್ನು ಸರಾಗವಾಗಿ ಮಾತನಾಡಿದರೂ ಓದುವಾಗ ಇಂದಿಗೂ ಅಕ್ಷರ ಕೂಡಿಸುತ್ತಾರೆ. ಸೊಸೆಯಾಗಿ ಬಂದವಳ ಈ ಒಂಟಿ ದುಡಿಮೆಗೆ ಯಾವ ಪದಕವೂ ಇಲ್ಲ ಎಂಬ ಕೊರಗು ನನಗಿದೆ.

ಇಷ್ಟೆಲ್ಲ ಸಹಿಸಲು ಒಂದು ಆಸರೆಯಿತ್ತು: ಹದಿನೈದು ವರ್ಷದ ನಂತರ ಪಿಂಚಣಿ. 2022ರ ಅಗ್ನಿಪಥ ಯೋಜನೆಯ ನಂತರ ನಾವಿಕರಾಗಿ ಸೇರುವವರ ಲೆಕ್ಕ ಬೇರೆಯಾಗಿದೆ. ಈ ಯೋಜನೆಯಡಿ ಸೇರುವವರನ್ನು ಅಗ್ನಿವೀರರು ಎನ್ನುತ್ತಾರೆ; ಅವರ ಸೇವೆ ನಾಲ್ಕು ವರ್ಷ. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ಅದರಲ್ಲಿ ಕೈಗೆ ಬರುವುದು 21,000. ಉಳಿದದ್ದು ಸರ್ಕಾರದ ಪಾಲಿನೊಂದಿಗೆ ಸೇವಾ ನಿಧಿಯಾಗಿ ಕೊನೆಯಲ್ಲಿ ದೊರೆಯುತ್ತದೆ. ಯೋಜನೆ ಪ್ರಕಟವಾದಾಗ ಆ ಮೊತ್ತವನ್ನು ಸುಮಾರು 11.71 ಲಕ್ಷ ಎಂದು ಹೇಳಲಾಗಿತ್ತು. ಗರಿಷ್ಠ ಶೇ 25ರಷ್ಟು ಮಂದಿಗೆ ಮಾತ್ರ ಸೇವೆ ಮುಂದುವರಿಯುತ್ತದೆ, ಉಳಿದವರಿಗೆ ಪಿಂಚಣಿಯಿಲ್ಲ. ಇಪ್ಪತ್ತೊಂದು, ಇಪ್ಪತ್ತೆರಡನೆಯ ವಯಸ್ಸಿಗೆ ಶಿಸ್ತು, ಕೌಶಲ, ಒಂದಿಷ್ಟು ಬಂಡವಾಳದೊಂದಿಗೆ ಹೊರಬರುವುದು ಕೆಲವರಿಗೆ ಒಳ್ಳೆಯ ಆರಂಭವಾಗಬಹುದು. ಇಡೀ ಮನೆಯೇ ಆ ಒಂದು ಸಂಬಳವನ್ನು ನೆಚ್ಚಿಕೊಂಡಿದ್ದರೆ ಮಾತ್ರ ನಾನು ಅವಸರ ಬೇಡ ಎನ್ನುತ್ತೇನೆ.

ಓದಿನಲ್ಲಿ ಮುಂದಿರುವ ಮಕ್ಕಳು ಕೇರಳದ ಎಳಿಮಲದಲ್ಲಿರುವ ನೌಕಾ ಅಕಾಡೆಮಿಯ ಮೂಲಕ ಅಧಿಕಾರಿಗಳಾಗಲು ಪ್ರಯತ್ನಿಸಲಿ. ಹೆಣ್ಣುಮಕ್ಕಳಿಗೂ ಆ ದಾರಿ ತೆರೆದಿದೆ. ಅಗ್ನಿವೀರರಾಗಿಯೇ ಹೋಗುವವರು ಸೇವೆಯಲ್ಲಿರುವಾಗಲೇ ಇಗ್ನೋ ಮುಕ್ತ ವಿಶ್ವವಿದ್ಯಾಲಯದ ಮೂಲಕ ಪದವಿಗೆ ನೋಂದಾಯಿಸಿಕೊಳ್ಳಬೇಕು. ತರಬೇತಿಗೂ ಅದರಲ್ಲಿ ಅಂಕದ ಮನ್ನಣೆಯಿರುವುದರಿಂದ, ನಾಲ್ಕು ವರ್ಷದ ಬಳಿಕ ಹೊರಬರಬೇಕಾದರೂ ಪಿಯುಸಿ ಅಂಕಪಟ್ಟಿಯನ್ನಷ್ಟೇ ಹಿಡಿದು ಮತ್ತೆ ಕೆಲಸ ಹುಡುಕುವ ಪಾಡು ಬರುವುದಿಲ್ಲ.