ಬೋರ್ಡು ಬಂತು, ಅಧಿಕಾರಿ ಎಲ್ಲಿ?

ವಿದೇಶಾಂಗ ಸಚಿವಾಲಯವನ್ನು ಹಿಗ್ಗಿಸಬೇಕೇ ಎಂಬ ಮಾತು ಬಂದಾಗಲೆಲ್ಲ ಸಿಂಗಾಪುರವೂ ಬರುತ್ತದೆ. ಅಂಗೈಯಗಲದ ಆ ದೇಶಕ್ಕೆ ಇರುವಷ್ಟೇ ರಾಜತಾಂತ್ರಿಕರು ಭಾರತಕ್ಕೂ ಇದ್ದಾರೆ ಅನ್ನುವ ಹೋಲಿಕೆ ಅದು. ಚಪ್ಪಾಳೆ ಗಿಟ್ಟಿಸುವ ಮಾತು ಹೌದು, ಆದರೆ ಯಾರನ್ನು ಎಣಿಸಿದಿರಿ ಎಂದು ಕೇಳಿದರೆ ಚರ್ಚೆ ತಡವರಿಸುತ್ತದೆ. ಸಂಸತ್ತಿನ ಸ್ಥಾಯಿ ಸಮಿತಿ 2023ರಲ್ಲಿ ಕೊಟ್ಟ ಲೆಕ್ಕದಂತೆ ಎಲ್ಲ ವೃಂದಗಳೂ ಸೇರಿ ಸಚಿವಾಲಯದ ಬಲ 4,888. ಅದರಲ್ಲಿ ಐಎಫ್‌ಎಸ್, ಅಂದರೆ ಭಾರತೀಯ ವಿದೇಶಾಂಗ ಸೇವೆಯವರು, 1,011. ಈ ಐಎಫ್‌ಎಸ್‌ನವರಲ್ಲಿ 667 ಮಂದಿ ಹೊರದೇಶಗಳಲ್ಲಿ, 334 ಮಂದಿ ದೆಹಲಿಯಲ್ಲಿ. ಒಟ್ಟು ಬಲದಲ್ಲಿ ಐಎಫ್‌ಎಸ್ ಬಿಟ್ಟು ಉಳಿದವರು ಸಹಾಯಕರು, ಸ್ಟೆನೋಗಳು, ಗುಪ್ತಲಿಪಿ ನೋಡಿಕೊಳ್ಳುವ ಸೈಫರ್ ಸಿಬ್ಬಂದಿ, ಭಾಷಾಂತರಕಾರರು ಇತ್ಯಾದಿ. ‘ಇಲಾಖೆ ಬೆಳೆಯಬೇಕು’ ಅನ್ನುವವರು ಯಾವ ಮೆಟ್ಟಿಲಲ್ಲಿ ಬೆಳೆಯಬೇಕು ಅಂತ ಹೇಳದಿದ್ದರೆ ಆ ಮಾತಿಗೆ ತೂಕವಿಲ್ಲ.

667ನ್ನು ಹಂಚಿ ನೋಡಿ. ಭಾರತದ ರಾಯಭಾರ ಕಚೇರಿ, ಕಾನ್ಸುಲೇಟ್ ಎಲ್ಲ ಸೇರಿ 190ಕ್ಕೂ ಹೆಚ್ಚು. ತಲಾ ಮೂರೂವರೆ ಅಧಿಕಾರಿ ಬರುತ್ತಾರೆ. ವಾಷಿಂಗ್ಟನ್, ಬೀಜಿಂಗ್, ಲಂಡನ್, ಮಾಸ್ಕೋ ತಮ್ಮ ಪಾಲನ್ನು ದೊಡ್ಡದಾಗಿಯೇ ತೆಗೆದುಕೊಂಡ ಮೇಲೆ ಸಣ್ಣ ಕಚೇರಿಗೆ ಉಳಿಯುವುದು ರಾಯಭಾರಿ ಮತ್ತು ಒಬ್ಬಿಬ್ಬರು.

ಆ ಒಬ್ಬರ ಮೇಜು ಹೇಗಿರುತ್ತದೆ? ಹೆಡ್ ಆಫ್ ಚಾನ್ಸರಿ, ಅಂದರೆ ರಾಯಭಾರ ಕಚೇರಿಯ ಆಡಳಿತ ನೋಡಿಕೊಳ್ಳುವವರು, ಎಂಬ ಹೆಸರಿನಡಿ ಕಟ್ಟಡದ ಬಾಡಿಗೆ ಒಪ್ಪಂದ, ಕಾರಿನ ವಿಮೆ, ಸ್ಥಳೀಯ ನೌಕರರ ಸಂಬಳ, ಪ್ರತಿ ತಿಂಗಳು ದೆಹಲಿಗೆ ಹೋಗಬೇಕಾದ ನಗದು ಲೆಕ್ಕ. ನಡುವೆ ವೀಸಾ, ಕಳೆದುಹೋದ ಪಾಸ್‌ಪೋರ್ಟಿಗೆ ತುರ್ತು ಪ್ರಮಾಣಪತ್ರ. ಭಾರತದಿಂದ ವ್ಯಾಪಾರಿ ನಿಯೋಗ ಬಂದರೆ ವಿಮಾನ ನಿಲ್ದಾಣಕ್ಕೆ ಓಟ. ಇಷ್ಟೂ ಮುಗಿದ ಮೇಲೆ ಆ ದೇಶದ ರಾಜಕೀಯದ ಬಗ್ಗೆ ವರದಿ ಬರೆಯಬೇಕು. ಮೊದಲು ಸೊರಗುವುದೂ ಅದೇ, ಏಕೆಂದರೆ ಸಂಬಳ ಒಂದು ದಿನ ತಡವಾದರೆ ಕೂಗಾಟವಾಗುತ್ತದೆ, ವರದಿ ಒಂದು ತಿಂಗಳು ತಡವಾದರೆ ಯಾರೂ ಕೇಳುವುದಿಲ್ಲ. ಒಬ್ಬರು ರಜೆ ಹಾಕಿದರಂತೂ ಹಣ ಮಂಜೂರು ಮಾಡುವವರು ಬೇರೆ, ಪಾವತಿ ಮಾಡುವವರು ಬೇರೆ ಇರಬೇಕೆಂಬ ನಿಯಮ ಪಾಲಿಸುವುದೇ ತಲೆನೋವು.

2018ರ ಮಾರ್ಚ್‌ನಲ್ಲಿ ಆಫ್ರಿಕಾದಲ್ಲಿ 18 ಹೊಸ ಕಚೇರಿಗಳಿಗೆ ಸಂಪುಟ ಒಪ್ಪಿಗೆ ಕೊಟ್ಟಿತು. 29 ಇದ್ದದ್ದು 47 ಆಗಬೇಕಿತ್ತು. 2020ರ ಕೊನೆಯಲ್ಲಿ ಎಸ್ಟೋನಿಯಾ, ಪರಾಗ್ವೆ, ಡೊಮಿನಿಕನ್ ಗಣರಾಜ್ಯ ಸೇರಿದವು. ನಿರ್ಧಾರ ಸರಿಯೇ. ಅದಕ್ಕೆ ಮುಂಚೆ ಪರಾಗ್ವೆಯನ್ನು ಬ್ಯೂನಸ್ ಐರಿಸ್‌ನಿಂದಲೂ ಡೊಮಿನಿಕನ್ ಗಣರಾಜ್ಯವನ್ನು ಹವಾನಾದಿಂದಲೂ ನೋಡಿಕೊಳ್ಳಲಾಗುತ್ತಿತ್ತು. ಹಾಗೆ ದೂರದಿಂದ ನೋಡಿಕೊಳ್ಳುವ ರಾಯಭಾರಿ ಅಲ್ಲಿಗೆ ಹೋಗುವುದು ಅಪರೂಪ, ಸಚಿವರ ಪರಿಚಯ ಕೈಕುಲುಕುವುದಕ್ಕೇ ಮುಗಿಯುತ್ತದೆ.

ಆದರೆ ಕಚೇರಿ ತೆರೆಯುವುದಕ್ಕೂ ಅದನ್ನು ನಡೆಸುವುದಕ್ಕೂ ಅಂತರವಿದೆ. ಆ ದೇಶದ ಒಪ್ಪಿಗೆ, ಹಣಕಾಸು ಸಚಿವಾಲಯದಿಂದ ಹುದ್ದೆ ಮಂಜೂರಾತಿ, ಬ್ಯಾಂಕ್ ಖಾತೆ, ಚಾನ್ಸರಿಗೂ ರಾಯಭಾರಿ ನಿವಾಸಕ್ಕೂ ಬಾಡಿಗೆ ಕಟ್ಟಡ, ಸುರಕ್ಷಿತ ಸಂಪರ್ಕ ವ್ಯವಸ್ಥೆ. ಮೊದಲಿಗೆ ಹೋದವರು ಹೋಟೆಲ್ ಕೋಣೆಯಿಂದಲೇ ಕೆಲಸ ಶುರುಮಾಡುವುದು ಈ ವೃತ್ತಿಯಲ್ಲಿ ಹೊಸದಲ್ಲ. ಇದೆಲ್ಲ ದುಡ್ಡಿದ್ದರೆ ಒಂದೆರಡು ವರ್ಷದಲ್ಲಿ ಆಗುವಂಥದ್ದು. ಹದಿನೈದು ವರ್ಷ ಅನುಭವದ ಅಧಿಕಾರಿಯನ್ನು ತಯಾರಿಸಲು ಮಾತ್ರ ಹದಿನೈದು ವರ್ಷವೇ ಬೇಕು.

ಗಂಟು ಬಿದ್ದಿರುವುದು ಇಲ್ಲೇ. 1990ರ ದಶಕದ ಐಎಫ್‌ಎಸ್ ಬ್ಯಾಚುಗಳು ತೀರ ಚಿಕ್ಕವು. 2008ರಲ್ಲಿ ಸಂಪುಟ ಹತ್ತು ವರ್ಷದಲ್ಲಿ 314 ಹುದ್ದೆ ಸೇರಿಸಲು ಒಪ್ಪಿತು, ಆದರೆ ಮಂಜೂರಾದ ಹುದ್ದೆ ಕುರ್ಚಿ ಅಷ್ಟೇ, ಕೂರುವವರು ಯುಪಿಎಸ್‌ಸಿಯಿಂದ ಬರಬೇಕು. 2021ರಿಂದ 2023ರವರೆಗಿನ ಪರೀಕ್ಷೆಗಳಲ್ಲಿ ವರ್ಷಕ್ಕೆ 37–38 ಐಎಫ್‌ಎಸ್ ಸ್ಥಾನ, 2024ರ ಪರೀಕ್ಷೆಗೆ ಒಮ್ಮೆಲೇ 55. ಹಾಗೆ ಬಂದವರಿಗೆ ಮಸ್ಸೂರಿಯ ಫೌಂಡೇಶನ್ ಕೋರ್ಸು, ದೆಹಲಿಯ ಸುಷ್ಮಾ ಸ್ವರಾಜ್ ಸಂಸ್ಥೆಯ ತರಬೇತಿ, ಆಮೇಲೆ ಭಾಷೆ. ಮೂರನೇ ಕಾರ್ಯದರ್ಶಿ ಎಂದು ಹೋದವರು ಚೀನೀ ಭಾಷೆ ಕಲಿಯಬೇಕಿದ್ದರೆ ಅದಕ್ಕೇ ಸುಮಾರು ಎರಡು ವರ್ಷ. ಜಂಟಿ ಕಾರ್ಯದರ್ಶಿ ಆಗುವ ಹೊತ್ತಿಗೆ 16–18 ವರ್ಷ ದಾಟಿರುತ್ತದೆ. ಅಂದರೆ ಈ 55 ಮಂದಿಯ ಫಲ ನಡುಮಟ್ಟದಲ್ಲಿ ಕಾಣುವುದು 2040ರ ಆಸುಪಾಸಿನಲ್ಲಿ.

ಹಾಗಿದ್ದರೆ ಬ್ಯಾಚನ್ನು ನೂರಕ್ಕೇರಿಸಿ ಅನ್ನುವವರಿದ್ದಾರೆ. ಅದೂ ಕೆಡುತ್ತದೆ. ಕಲಿಸುವ ನಡುಮಟ್ಟದವರೇ ಕಡಿಮೆ ಇರುವಾಗ ನೂರು ಹೊಸಬರು ಬಂದರೆ ಅವರನ್ನು ತಿದ್ದುವವರು ಯಾರು? ಇಪ್ಪತ್ತು ವರ್ಷದ ಮೇಲೆ ಅವರೆಲ್ಲ ಒಟ್ಟಿಗೆ ಬಡ್ತಿಯ ಬಾಗಿಲಲ್ಲಿ ನಿಲ್ಲುತ್ತಾರೆ, ಹುದ್ದೆ ಅಷ್ಟಿರುವುದಿಲ್ಲ. ವರ್ಷಕ್ಕೆ 50–60ರಂತೆ ಬಿಡದೆ ಹದಿನೈದು ವರ್ಷ ತೆಗೆದುಕೊಳ್ಳುವುದು, ಅಲ್ಲಿಯವರೆಗೆ ಕೆಳವೃಂದಗಳಿಂದ ಬಡ್ತಿ ಮತ್ತು ಬೇರೆ ಸಚಿವಾಲಯಗಳಿಂದ ಎರವಲು ಸೇವೆ, ಇದೇ ದಾರಿ ಎಂಬುದು ನನ್ನ ಅಭಿಪ್ರಾಯ. ವ್ಯಾಪಾರದ ಮೇಜಿಗೆ ವಾಣಿಜ್ಯ ಸಚಿವಾಲಯದವರು ಬಂದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ.

ಎಲ್ಲ ಕೆಲಸಕ್ಕೂ ಐಎಫ್‌ಎಸ್ ಬೇಕಿಲ್ಲ ಎಂಬುದಕ್ಕೆ ಪಾಸ್‌ಪೋರ್ಟ್ ಸೇವಾ ಕೇಂದ್ರ ನೋಡಿ. ‘ಎ’ ಕೌಂಟರಿನಲ್ಲಿ ಫೋಟೋ, ಬೆರಳಚ್ಚು, ದಾಖಲೆ ಸ್ಕ್ಯಾನ್: ಖಾಸಗಿ ಕಂಪನಿಯ ಸಿಬ್ಬಂದಿ. ‘ಬಿ’ಯಲ್ಲಿ ಪರಿಶೀಲನೆ, ‘ಸಿ’ಯಲ್ಲಿ ಮಂಜೂರಾತಿ: ಸರ್ಕಾರಿ ನೌಕರರು. 2017ರ ಜನವರಿಯಲ್ಲಿ ಮೈಸೂರಿನಿಂದ ಶುರುವಾದ ಅಂಚೆ ಕಚೇರಿ ಪಾಸ್‌ಪೋರ್ಟ್ ಕೇಂದ್ರಗಳು ಅಂಚೆ ಇಲಾಖೆಯ ಜಾಗವನ್ನೇ ಬಳಸಿ ಊರೂರಿಗೆ ಹೋದವು. ಹೊರದೇಶದಲ್ಲಿರುವ ನಮ್ಮವರಿಗೆ ನೆರವಾಗುವ ಕಾನ್ಸುಲರ್ ಕೆಲಸವೂ ಅಷ್ಟೇ. ಭಟ್ಕಳದವರೋ ಉಡುಪಿಯವರೋ ಕೊಲ್ಲಿಯಲ್ಲಿ ತೀರಿಕೊಂಡರೆ ಮರಣಪತ್ರ, ಪೊಲೀಸ್ ವರದಿ, ಮನೆಯವರ ಒಪ್ಪಿಗೆ ಪತ್ರ, ಪಾಸ್‌ಪೋರ್ಟ್ ರದ್ದು, ಎಂಬಾಮಿಂಗ್ ಪ್ರಮಾಣಪತ್ರ, ರಾಯಭಾರ ಕಚೇರಿಯ ನಿರಾಕ್ಷೇಪಣಾ ಪತ್ರ ಎಲ್ಲ ಕೂಡಿದ ಮೇಲೆಯೇ ಶವ ವಿಮಾನ ಏರುವುದು. ಇದರಲ್ಲಿ ತಡವಾದರೆ ಬೇಕಿರುವುದು ಕೌನ್ಸೆಲರ್ ದರ್ಜೆಯ ಇನ್ನೊಬ್ಬ ರಾಜತಾಂತ್ರಿಕ ಅಲ್ಲ, ಅರಬಿ ಓದಿ ಪೊಲೀಸ್ ಠಾಣೆಗೆ ಹೋಗಿಬರುವ ಇಬ್ಬರು ಸಹಾಯಕರು.

ಬಜೆಟ್ ತೋರಿಸಿ ಇಲಾಖೆ ಬೆಳೆದಿದೆ ಅನ್ನುವ ವಾದ ನನಗೆ ಸರಿ ಕಾಣುವುದಿಲ್ಲ. 2025–26ರಲ್ಲಿ ಇಟ್ಟ 20,516 ಕೋಟಿ ರೂಪಾಯಿಯಲ್ಲಿ ಭೂತಾನ್ ನೆರವೇ 2,150 ಕೋಟಿ. ನೆರವಿನ ಹಣ ಏರಿದರೂ ಇಳಿದರೂ ಕಚೇರಿಯ ಕುರ್ಚಿಗಳು ಅಷ್ಟೇ ಇರುತ್ತವೆ.

ಸಿಬ್ಬಂದಿಯನ್ನು ಇಳಿಸಿದರೇನಾಗುತ್ತದೆ ಎಂಬುದಕ್ಕೆ ಅಮೆರಿಕದ ಉದಾಹರಣೆ ಇದೆ. 2025ರ ಜುಲೈನಲ್ಲಿ ಅಲ್ಲಿನ ವಿದೇಶಾಂಗ ಇಲಾಖೆ 1,300ಕ್ಕೂ ಹೆಚ್ಚು ಜನರನ್ನು ತೆಗೆಯಿತು. ಅವರಲ್ಲಿ 246 ಮಂದಿ ಫಾರಿನ್ ಸರ್ವಿಸ್‌ನವರು, ಆ ಹೊತ್ತಿಗೆ ಸ್ವದೇಶದ ಮೇಜುಗಳಲ್ಲಿದ್ದವರು. ಮೇಜು ಬೇಡವೆಂದಾಗ ಮೇಜಿನಲ್ಲಿದ್ದವರೂ ಹೋದರು. ಆದರೆ ಈ ಸೇವೆಯಲ್ಲಿ ಯಾರೂ ಒಂದು ಮೇಜಿಗೆ ಅಂಟಿಕೊಂಡವರಲ್ಲ, ಎರಡು ಮೂರು ವರ್ಷಕ್ಕೆ ಜಾಗ ಬದಲಾಗುತ್ತದೆ. ಈ ವರ್ಷ ತವರಿನಲ್ಲಿ ಫೈಲು ನೋಡುತ್ತಿದ್ದವರು ಮುಂದಿನ ವರ್ಷ ಕಷ್ಟದ ದೇಶವೊಂದರ ಕಚೇರಿಗೆ ಭಾಷೆ ಬಲ್ಲ ಏಕೈಕ ಅಧಿಕಾರಿಯಾಗಿ ಹೋಗಬೇಕಾದವರಾಗಿರಬಹುದು.