ಟಬ್ ತೆಗೆಸಿ ಶವರ್ ಹಾಕಿಸಿದ್ದು

ಕೋಲಾರದ ನಮ್ಮ ಮನೆಯ ಕೆಳಗಿನ ಬಚ್ಚಲುಮನೆಯಲ್ಲಿದ್ದ ಬಾತ್‌ಟಬ್ಬನ್ನು ಈ ಬೇಸಿಗೆಯಲ್ಲಿ ತೆಗೆಸಿ, ಆ ಜಾಗದಲ್ಲಿ ಶವರ್ ಹಾಕಿಸಿದೆವು. ಇಂಥ ಕೆಲಸಕ್ಕೆ ಕೈಹಾಕುವವರು ಸಾಮಾನ್ಯವಾಗಿ ಮೊದಲು ಅಂಗಡಿಗೆ ಹೋಗಿ ಶವರಿನ ಮಾದರಿಗಳನ್ನು ನೋಡುತ್ತಾರೆ. ನನ್ನ ಪ್ರಕಾರ ಅದು ಎಲ್ಲಕ್ಕಿಂತ ಕೊನೆಗೆ ಮಾಡಬೇಕಾದದ್ದು. ಮನೆಗೆ ಬರುವ ನೀರು ಎಂಥದ್ದು, ಅದು ಎಷ್ಟು ಎತ್ತರದಿಂದ ಇಳಿಯುತ್ತದೆ, ಅಲ್ಲಿ ಸ್ನಾನ ಮಾಡುವವರು ಯಾರು, ನೆಲಕ್ಕೆ ಬಿದ್ದ ನೀರು ಯಾವ ದಾರಿ ಹಿಡಿಯುತ್ತದೆ ಎಂಬುದನ್ನೆಲ್ಲ ತಿಳಿದುಕೊಂಡ ಮೇಲೆ, ಯಾವ ಶವರ್ ಬೇಕೆಂಬುದಕ್ಕೆ ಹೆಚ್ಚು ಯೋಚಿಸಬೇಕಾಗುವುದಿಲ್ಲ.

ಟಬ್ ತೆಗೆಸಲು ಮೊದಲ ಕಾರಣ ಅಮ್ಮ. ಇಟ್ಟಿಗೆ ಕಟ್ಟೆಯ ಮೇಲೆ ಕೂರಿಸಿದ್ದ ಆ ಟಬ್ಬಿನ ಅಂಚು ನೆಲದಿಂದ ಸುಮಾರು 20 ಇಂಚು ಎತ್ತರದಲ್ಲಿತ್ತು. ಮೊಣಕಾಲು ನೋವಿರುವವರು ಒದ್ದೆ ನೆಲದ ಮೇಲೆ ಒಂಟಿಕಾಲಿನಲ್ಲಿ ನಿಂತು ಇನ್ನೊಂದು ಕಾಲನ್ನು ಅಷ್ಟೆತ್ತರ ದಾಟಿಸುವುದು ಅಪಾಯ. "ಅದರೊಳಕ್ಕೆ ಕಾಲಿಡಕ್ಕೇ ಭಯ ಆಗ್ತದಪ್ಪ" ಎಂದು ಅಮ್ಮ ಅದನ್ನು ಬಿಟ್ಟೇಬಿಟ್ಟಿದ್ದರು. ಟಬ್ಬಿಗೂ ಗೋಡೆಗೂ ನಡುವೆ ಉಳಿದಿದ್ದ ಇಕ್ಕಟ್ಟಾದ ಜಾಗದಲ್ಲೇ ಬಕೆಟ್ ಇಟ್ಟುಕೊಂಡು ಸ್ನಾನ ಮುಗಿಸುತ್ತಿದ್ದರು.

ಎರಡನೆಯ ಕಾರಣ ನೀರು. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ ನಮ್ಮದು; ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿದ್ದು ಇಲ್ಲಿ ಹಳೆಯ ಸುದ್ದಿ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿತ ನೀರು 2018ರಿಂದ ನಮ್ಮ ಕೆರೆಗಳಿಗೆ ಬರುತ್ತಿದೆಯಾದರೂ ಅದು ಅಂತರ್ಜಲ ಮರುಪೂರಣಕ್ಕೆಂದು ಬಂದ ನೀರೇ ಹೊರತು ನಲ್ಲಿಗೆ ಬರುವ ನೀರಲ್ಲ. ಒಳಚರಂಡಿಯಿರುವ ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ಸರ್ಕಾರದ ಮಾನದಂಡ. ಐದಡಿಯ ಟಬ್ಬನ್ನು ಒಮ್ಮೆ ತುಂಬಿಸಲು 150ರಿಂದ 200 ಲೀಟರ್ ಬೇಕು. ಅಂದರೆ ಒಬ್ಬರ ಅಡುಗೆ, ಬಟ್ಟೆ, ಶೌಚ ಎಲ್ಲಕ್ಕೂ ಸೇರಿಸಿ ಲೆಕ್ಕ ಹಾಕಿದ ನೀರು ಒಂದು ಸ್ನಾನಕ್ಕೇ ಸಾಲುವುದಿಲ್ಲ. ಚಾವಣಿಯ ಮೇಲಿನ 200 ಲೀಟರಿನ ಸೋಲಾರ್‌ನಲ್ಲಿ 60 ಡಿಗ್ರಿಗೆ ಕಾದ ನೀರಿದೆ ಎಂದುಕೊಂಡರೂ, ಟಬ್ಬಿಗೆ ಬೆರೆಸಲು ಅದರಲ್ಲಿ 80, 90 ಲೀಟರ್ ಹೋಗುತ್ತದೆ. ಮೋಡ ಕವಿದ ದಿನವಾದರೆ ಮಿಕ್ಕವರಿಗೆ ತಣ್ಣೀರೇ ಗತಿ.

ಹಾಗೆಂದು ಶವರ್ ಹಾಕಿಸಿದ ಮಾತ್ರಕ್ಕೆ ನೀರು ಉಳಿಯುತ್ತದೆ ಎಂದು ನಾನು ಹೇಳಲಾರೆ. ನಿಮಿಷಕ್ಕೆ 8 ಲೀಟರ್ ಸುರಿಸುವ ಶವರಿನ ಕೆಳಗೆ ಐದು ನಿಮಿಷ ನಿಂತರೆ 40 ಲೀಟರ್ ಆಗುತ್ತದೆ. ನಿಮಿಷಕ್ಕೆ 15 ಲೀಟರ್ ಸುರಿಸುವ ಅಗಲವಾದ ರೇನ್ ಶವರಿನ ಕೆಳಗೆ ಕಾಲು ಗಂಟೆ ನಿಂತರೆ 225 ಲೀಟರ್ ಆಗಿ, ಟಬ್ಬನ್ನೇ ಮೀರಿಸುತ್ತದೆ. ಬಕೆಟ್ಟು, ಚೊಂಬಿನ ಸ್ನಾನ 20 ಲೀಟರಿನಲ್ಲಿ ಇಂದಿಗೂ ಮುಗಿಯುತ್ತದೆ. ಆದ್ದರಿಂದಲೇ ಬಿಸಿನೀರು ತಣ್ಣೀರನ್ನು ಬೆರೆಸಿ ಶವರ್, ಹ್ಯಾಂಡ್ ಶವರ್‌ಗಳಿಗೆ ಕೊಡುವ, ಜೊತೆಗೆ ಬಕೆಟ್ ತುಂಬಿಸುವ ನಲ್ಲಿಯೂ ಇರುವ ತ್ರೀ ಇನ್ ಒನ್ ವಾಲ್ ಮಿಕ್ಸರನ್ನೇ ಹಾಕಿಸಿದೆವು.

ಟಬ್ಬನ್ನು ಓರೆ ಮಾಡಿ ಬಾಗಿಲಿನಿಂದ ಇಡಿಯಾಗಿ ಹೊರತೆಗೆಯಲು ಸಾಧ್ಯವಾಯಿತು. ಹಸು ಕಟ್ಟಿರುವ ನಮ್ಮ ನೆಂಟರೊಬ್ಬರು ಅದನ್ನು ಕಲಗಚ್ಚು ಹಾಕಲು ತೆಗೆದುಕೊಂಡು ಹೋದರು. ಕೆಲಸದ ನಿಜವಾದ ಭಾಗ ಶುರುವಾದದ್ದು ಆಮೇಲೆ. ಟಬ್ಬಿನ ಕೆಳಗೆ ಟೈಲ್ಸ್ ಹಾಕಿರಲಿಲ್ಲ, ವಾಟರ್‌ಪ್ರೂಫಿಂಗ್ ಮಾಡಿರಲಿಲ್ಲ. 40 ಮಿಲಿಮೀಟರಿನ ವೇಸ್ಟ್ ಪೈಪಿನ ಜೋಡಣೆ ಸಡಿಲಗೊಂಡು, ಯಾರ ಕಣ್ಣಿಗೂ ಬೀಳದೆ ವರ್ಷಗಟ್ಟಲೆ ನೀರು ಜಿನುಗಿ ಮಣ್ಣು ಕಪ್ಪಾಗಿತ್ತು. ಪಕ್ಕದ ಕೋಣೆಯ ಗೋಡೆಯಲ್ಲಿ ಎಷ್ಟು ಸಲ ಬಳಿಸಿದರೂ ಬಣ್ಣ ಏಕೆ ಉದುರುತ್ತಿತ್ತೆಂಬುದು ಆಗ ತಿಳಿಯಿತು. ಟಬ್ ತೆಗೆದ ಹಳ್ಳಕ್ಕೆ ಕಾಂಕ್ರೀಟ್ ತುಂಬಿ ಮೇಲೆ ಟೈಲ್ಸ್ ಕೂರಿಸಿದರೆ ಎರಡೇ ದಿನದಲ್ಲಿ ಮುಗಿಯುತ್ತದೆ ಎಂದವರೂ ಇದ್ದರು. ನಮ್ಮ ಗಾರೆ ಮೇಸ್ತ್ರಿ ಅದಕ್ಕೆ ಒಪ್ಪಲಿಲ್ಲ. "ಹಳೇ ಗಾರೆ ಮೇಲೆ ಹೊಸ ಟೈಲ್ಸ್ ಕೂರಿಸಿದ್ರೆ ನೀರು ಒಳಗೊಳಗೇ ಎಲ್ಲಿಗೆ ಹೋಗ್ತದೋ ಗೊತ್ತಾಗಲ್ಲ ಸಾರ್, ಪೂರ್ತಿ ಕೀಳಿಸಿಬಿಡಿ" ಎಂದರು. ಅವರ ಮಾತು ಕೇಳಿದ್ದಕ್ಕೆ ನನಗೆ ಸಂತೋಷವಿದೆ.

ಏಕೆಂದರೆ ಟಬ್ಬಿನಲ್ಲಿ ನೀರನ್ನು ತಡೆದು ಹಿಡಿಯುವುದು ಟಬ್ಬೇ. ಶವರಿನಲ್ಲಿ ಆ ಕೆಲಸ ನೆಲದ ಮತ್ತು ಗೋಡೆಯ ಪಾಲಿಗೆ ಬರುತ್ತದೆ. ಟೈಲ್ಸ್ ಹಾಕಿದರೆ ನೀರು ಇಳಿಯುವುದಿಲ್ಲ ಎಂಬ ನಂಬಿಕೆ ಬಹಳ ಜನರಲ್ಲಿದೆ, ಆದರೆ ಸಂದುಗಳ ಸಿಮೆಂಟಿನ ಮೂಲಕ ನೀರು ನಿಧಾನವಾಗಿ ಇಳಿದೇ ಇಳಿಯುತ್ತದೆ. ಹಾಗಾಗಿ ಹಳೆಯ ಗಾರೆಯನ್ನೆಲ್ಲ ತೆಗೆದು, ಹೊಸ ನೆಲ ಹಾಕಿ, ಮೂಲೆಗಳನ್ನು ಗುಂಡಗೆ ತಿದ್ದಿ, ಸಿಮೆಂಟ್ ಮತ್ತು ಪಾಲಿಮರ್ ದ್ರಾವಣ ಬೆರೆಸಿದ ಲೇಪನವನ್ನು ಒಂದರ ಮೇಲೊಂದು ಅಡ್ಡಲಾಗಿ ಎರಡು ಪದರ ಬಳಿಸಿದೆವು. ಉಳಿದ ಕಡೆ ಗೋಡೆಗೆ ಒಂದಡಿ ಎತ್ತರ ಸಾಕು. ಶವರ್ ಇರುವ ಮೂಲೆಯಲ್ಲಿ ಆಳೆತ್ತರ ಬೇಕು. ಲೇಪನ ಒಣಗಿದ ಮೇಲೆ, ನೆಲದ ನೀರು ಹೊರಹೋಗುವ ಟ್ರ್ಯಾಪಿನ ಬಾಯಿ ಮುಚ್ಚಿ, ನೀರು ನಿಲ್ಲಿಸಿ, ಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿ 48 ಗಂಟೆ ಬಿಟ್ಟೆವು. ಎಷ್ಟೇ ಅವಸರವಿದ್ದರೂ ಈ ಪರೀಕ್ಷೆಯೊಂದನ್ನು ಬಿಡಬೇಡಿ. ಟೈಲ್ಸ್ ಕೂತ ಮೇಲೆ ಸೋರಿಕೆ ಪತ್ತೆಹಚ್ಚುವುದೆಂದರೆ ಎಲ್ಲವನ್ನೂ ಮತ್ತೆ ಒಡೆಸುವುದೇ ಆಗಿದೆ.

ನೆಲದ ವಾಟವನ್ನು ಮೀಟರಿಗೆ 10ರಿಂದ 15 ಮಿಲಿಮೀಟರಿನಷ್ಟು ಕೊಡಿಸಿದೆವು. ನಾಲ್ಕು ಕಡೆಯಿಂದಲೂ ಟ್ರ್ಯಾಪಿನ ಕಡೆಗೆ ಇಳಿಜಾರು ಬರಬೇಕಾದರೆ ದೊಡ್ಡ ಟೈಲ್ಸ್ ಹೊಂದುವುದಿಲ್ಲವಾದ್ದರಿಂದ, ಒಂದಡಿ ಚದರದ, ಹೊಳಪಿಲ್ಲದ, ಕಾಲು ಜಾರದಂಥವನ್ನೇ ಆರಿಸಿದೆವು. ಟ್ರ್ಯಾಪಿನಲ್ಲಿ 50 ಮಿಲಿಮೀಟರಿನಷ್ಟು ನೀರು ಸದಾ ನಿಂತಿರಬೇಕು. ವಾಸನೆಯನ್ನೂ ಜಿರಲೆಯನ್ನೂ ತಡೆಯುವುದು ಆ ನೀರೇ.

ಇಷ್ಟಾದ ಮೇಲೆ ಶವರ್. ಟ್ಯಾಂಕಿನ ನೀರು ಹತ್ತು ಮೀಟರ್ ಎತ್ತರದಲ್ಲಿದ್ದರೆ ಸುಮಾರು ಒಂದು ಬಾರ್ ಒತ್ತಡ ಸಿಗುತ್ತದೆ. ನಮ್ಮ ಟ್ಯಾಂಕಿಗೂ ಕೆಳಮನೆಯ ಶವರಿಗೂ ಐದು ಮೀಟರಿನಷ್ಟು ಅಂತರವಿರುವುದರಿಂದ ಅರ್ಧ ಬಾರ್ ಮಾತ್ರ. ಅಂಗಡಿಯಲ್ಲಿ ಕಣ್ಣು ಸೆಳೆಯುವ ಅಗಲವಾದ ರೇನ್ ಶವರಿನಿಂದ ಇಷ್ಟು ಒತ್ತಡಕ್ಕೆ ನೀರು ತೊಟ್ಟಿಕ್ಕುತ್ತದೆ. ಪ್ರೆಶರ್ ಪಂಪ್ ಕೂರಿಸಬಹುದು, ಆದರೆ ಅದು ಉಳಿಸಬೇಕೆಂದ ನೀರನ್ನೇ ಹೆಚ್ಚು ವೇಗವಾಗಿ ಖಾಲಿ ಮಾಡುತ್ತದೆ. ನಾಲ್ಕು ಇಂಚಿನ ಸಣ್ಣ ಶವರ್ ಮತ್ತು ಕಂಬಿಯ ಮೇಲೆ ಏರಿಸಿ ಇಳಿಸಬಹುದಾದ ಹ್ಯಾಂಡ್ ಶವರ್ ನಮಗೆ ಚೆನ್ನಾಗಿ ಒಗ್ಗಿವೆ. ಅಮ್ಮ ಸ್ಟೂಲಿನ ಮೇಲೆ ಕೂತೇ ತಲೆಗೆ ನೀರು ಹಾಕಿಕೊಳ್ಳುತ್ತಾರೆ.

ಬೋರ್‌ವೆಲ್ ನೀರಿನ ಗಡಸುತನವನ್ನೂ ಮರೆಯುವಂತಿಲ್ಲ. ಸುಣ್ಣದಂಶ ಶವರಿನ ರಂಧ್ರಗಳಲ್ಲಿ ಕಟ್ಟಿಕೊಂಡು ಕೆಲವೇ ತಿಂಗಳಲ್ಲಿ ನೀರು ದಿಕ್ಕುದಿಕ್ಕಿಗೆ ಚಿಮ್ಮತೊಡಗುತ್ತದೆ. ರಬ್ಬರ್ ತುದಿಯ ಶವರಾದರೆ ಬೆರಳಿನಿಂದ ಉಜ್ಜಿದರೆ ಸಾಕು. ಹೆಚ್ಚು ಕಟ್ಟಿದ್ದರೆ ವಿನಿಗರ್‌ನಲ್ಲಿ ನೆನೆಸಿಟ್ಟು ತೊಳೆಯಬೇಕು. ಗಾಜಿನ ತಡೆ ಬೇಡವೆಂದದ್ದೂ ಇದೇ ಕಾರಣಕ್ಕೆ. ನಮ್ಮೂರಿನ ನೀರಿಗೆ ಗಾಜು ದಿನವೂ ಒರೆಸಿದರಷ್ಟೇ ಗಾಜಾಗಿ ಉಳಿಯುತ್ತದೆ. ಪರದೆಯನ್ನಾದರೆ ಒಗೆದು ಹಾಕಬಹುದು.

ಶವರಿನ ಜಾಗಕ್ಕೆ ಎತ್ತರದ ಕಟ್ಟೆಯನ್ನೂ ಕಟ್ಟಿಸಲಿಲ್ಲ, ಟಬ್ಬಿನ ಅಂಚನ್ನು ದಾಟಲಾರದವರಿಗೆ ಇನ್ನೊಂದು ಅಂಚು ಏಕೆ? ನೆಲದಿಂದ ಸುಮಾರು 34 ಇಂಚು ಎತ್ತರಕ್ಕೆ ಸ್ಟೀಲಿನ ಹಿಡಿಕೆಯೊಂದನ್ನು ಇಟ್ಟಿಗೆಗೇ ಆ್ಯಂಕರ್ ಬೋಲ್ಟ್ ಇಳಿಸಿ ಭದ್ರಪಡಿಸಿದ್ದೇವೆ. ಟವೆಲ್ ರಾಡ್ ಮನುಷ್ಯರ ಭಾರ ತಡೆಯುವುದಿಲ್ಲವಾದ್ದರಿಂದ ಅದನ್ನು ಕೈಗೆ ಎಟುಕದ ಕಡೆ ಸರಿಸಿದೆವು. ಬಾಗಿಲನ್ನು ಹೊರಕ್ಕೆ ತೆರೆಯುವಂತೆ ತಿರುಗಿಸಿ ಕೂರಿಸಿ, ಒಳಗಿನಿಂದ ಹಾಕಿದ ಚಿಲಕವನ್ನು ತುರ್ತಿಗೆ ಹೊರಗಿನಿಂದಲೂ ತೆಗೆಯಲು ಬರುವಂಥದ್ದನ್ನು ಬಡಗಿಯಿಂದ ಹಾಕಿಸಿದ್ದೇವೆ; ವಯಸ್ಸಾದವರಿರುವ ಮನೆಯವರು ಟಬ್ ತೆಗೆಸದಿದ್ದರೂ ಈ ಚಿಲಕವನ್ನಂತೂ ಬದಲಿಸಿಕೊಳ್ಳಬೇಕು.