ಆಲೂಗಡ್ಡೆ ಕೊಟ್ರೆ ಪೇಪರ್

ಕಾರವಾರದಲ್ಲಿ ಬೆಳಗಾದ್ರೆ ನಮ್ಮನೇಲಿ ಪೇಪರ್ ಬಿಡಿಸಿ ಮೊದ್ಲು ನೋಡೋದು ನಿಧನವಾರ್ತೆ, ಆಮೇಲೆ ಬಂದರಿನ ಸುದ್ದಿ, ದಿಲ್ಲಿ ಗಿಲ್ಲಿ ಎಲ್ಲ ಟೈಮಿದ್ರೆ. ದಕ್ಷಿಣ ಅಟ್ಲಾಂಟಿಕ್‌ನ ಟ್ರಿಸ್ಟನ್ ಡ ಕುನ್ಹಾ ಅಂತ ದ್ವೀಪ ಇದೆ, 300 ಜನಾನೂ ಇಲ್ಲ, ಅಲ್ಲೂ ಪೇಪರ್ ಇತ್ತು ಅಂದ್ರೆ ನಂಬ್ತೀರಾ? 1943ರಲ್ಲಿ ಯುದ್ಧದ ಟೈಮಲ್ಲಿ ಅಲ್ಲಿದ್ದ ಅಲನ್ ಕ್ರಾಫರ್ಡ್ 'ಟ್ರಿಸ್ಟನ್ ಟೈಮ್ಸ್' ಶುರು ಮಾಡಿದ್ರು, ದುಡ್ಡಿನ ಬದ್ಲು ಸಿಗರೇಟೋ ಆಲೂಗಡ್ಡೆನೋ ಕೊಟ್ಟು ತಗೋತಿದ್ರಂತೆ. ಪೆಸಿಫಿಕ್ ಸಾಗರದ ಪಿಟ್‌ಕೇರ್ನ್ ದ್ವೀಪದಲ್ಲಂತೂ ಈಗ 50 ಜನಾನೂ ಇಲ್ಲ, ಆದ್ರೂ 1959ರಲ್ಲೇ 'ಪಿಟ್‌ಕೇರ್ನ್ ಮಿಸೆಲನಿ' ಶುರುವಾಯ್ತು, ತರಿಸ್ಕೊಳ್ಳೋರು ದ್ವೀಪದೊಳಗಿಂತ ಹೊರಗೇ ಜಾಸ್ತಿ. ದಕ್ಷಿಣ ಅಟ್ಲಾಂಟಿಕ್‌ನದ್ದೇ ಫಾಕ್‌ಲ್ಯಾಂಡ್ ದ್ವೀಪಗಳಲ್ಲಿ 1889ರಲ್ಲೇ ಪಾದ್ರಿಯೊಬ್ರು ಮ್ಯಾಗಜೀನ್ ತಂದಿದ್ರು, 'ಪೆಂಗ್ವಿನ್ ನ್ಯೂಸ್' ಬಂದಿದ್ದು 1979ರಲ್ಲಿ. ಅಷ್ಟು ಸಣ್ಣ ಊರಲ್ಲಿ ಯಾರ ಮೇಲಾದ್ರೂ ಬರೆದ್ರೆ ಮರುದಿನ ಸಂಪಾದಕ ಅಂಗಡಿಗೆ ಹೋಗೋದಾದ್ರೂ ಹೆಂಗೆ ಮಾರಾಯ್ರೆ!